ಚೆಲುವಾಜಮ್ಮನ ಬಾಗಿಲು

ನಮ್ಮೂರಿನ ಬ್ಯಾಂಕಿಗೆ ಇರುವುದು ಒಂದೇ ಬಾಗಿಲು, ಆದರೆ ಅದು ಎಲ್ಲರಿಗೂ ಒಂದೇ ಎತ್ತರಕ್ಕೆ ಇರುವುದಿಲ್ಲ. ಹೊಸ್ತಿಲ ಮುಂದೆ ಯಾರು ಬಂದು ನಿಲ್ಲುತ್ತಾರೋ ಅವರ ಮೇಲೆ ನಂಬಿಕೆ ಎಷ್ಟೋ ಬಾಗಿಲು ಅಷ್ಟು. ಮ್ಯಾನೇಜರ್ ಜಯಶೀಲಾ ಮೇಡಂ ಬಂದು ನಿಂತರೆ ಆನೆಯೊಂದು ಅಂಬಾರಿ ಸಮೇತ ನುಗ್ಗುವಷ್ಟು ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ಜನ ನೋಡಲಿ ಎಂದೇ ಅವರು ದಿನಾ ಬೆಳಿಗ್ಗೆ ಕೊಡೆ ಮಡಚುವ ನೆಪ ಮಾಡಿಕೊಂಡು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ತೆಗೆದುಕೊಂಡದ್ದನ್ನು ವಾಪಸ್ ಕೊಡದವರು ಬಂದರೆ ಅದೇ ಬಾಗಿಲು ಸೊಂಟದವರೆಗೆ, ಮೊಣಕಾಲವರೆಗೆ, ಕೆಲವರಿಗಂತೂ ಇಲಿಯ ಬಿಲದಷ್ಟಕ್ಕೆ ಇಳಿದುಬಿಡುತ್ತದೆ. ಸಾಲ ಬೇಕಾದವರು ತಲೆ ಬಗ್ಗಿಸದೆ ಒಳಗೆ ನಡೆದು ಬರಬೇಕು. ನಮ್ಮ ಬ್ಯಾಂಕಿನಲ್ಲಿ ಕೇಳುವುದು ಅಷ್ಟೇ.

ಊರು ಇದಕ್ಕೆ ಒಗ್ಗಿಕೊಂಡು ಯಾವ ಕಾಲವಾಯಿತೋ. ಹೆಣ್ಣು ಕೊಡುವವರು ಜಾತಕ ಬಿಚ್ಚುವ ಮೊದಲು ಹುಡುಗನನ್ನು ಬ್ಯಾಂಕಿನ ಮುಂದೆ ಕರೆತಂದು ನಿಲ್ಲಿಸುತ್ತಾರೆ. ಹುಡುಗ ಕುಳ್ಳಗಿದ್ದರೆ ಚಿಂತೆಯಿಲ್ಲ, ಬಾಗಿಲು ಕುಳ್ಳಗಿರಬಾರದು. ಘಮಘಮ ಸೆಂಟು ಹಾಕಿಕೊಂಡು ಬಂದ ವರನೊಬ್ಬನ ಬಾಗಿಲು ಮಂಡಿಗೆ ಇಳಿದದ್ದನ್ನು ಕಂಡು ಬೀಗರು ಅಲ್ಲಿಂದಲೇ ಬಸ್ಸು ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಿರಿಯರ ಕಾಲಿಗೆ ಬಿದ್ದರೆ ‘ನಿನ್ನ ಬಾಗಿಲು ಎತ್ತರವಾಗ್ಲಿ’ ಎಂದು ಹರಸುತ್ತಾರೆ.

ನನ್ನ ಹೆಸರು ಶೇಷಗಿರಿ, ಅದೇ ಬ್ಯಾಂಕಿನ ಗುಮಾಸ್ತ. ಈ ಕಥೆ ನಡೆಯುವ ಹೊತ್ತಿಗೆ ನಾನು ಬ್ಯಾಂಕಿನೊಳಗೆ ಸಿಕ್ಕಿಹಾಕಿಕೊಂಡು ಎರಡು ಬೇಸಿಗೆ ಕಳೆದು ಮೂರನೆಯದು ಬಂದಿತ್ತು. ಕಾರಣ ಸೋಡಾ ಚೆಲುವಾಜಮ್ಮ. ಆಕೆಯ ಸೋಡಾ ಯಂತ್ರದ ಸಾಲಕ್ಕೆ ನಾನು ಬ್ಯಾಂಕಿನೊಳಗೇ ಕೂತು ಜಾಮೀನು ಹಾಕಿದ್ದೆ. ಯಾಕೆ ಹಾಕಿದೆ ಎಂದು ಕೇಳುವವರು ಆಕೆ ಮೊದಲು ಬಾಡಿಗೆ ಯಂತ್ರದಲ್ಲಿ ಮಾಡುತ್ತಿದ್ದ ಗೋಲಿ ಸೋಡಾ ಕುಡಿದವರಲ್ಲ. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ‘ಟಪ್’ ಎಂದು ಬೀದಿಯ ಆ ತುದಿಗೆ ಕೇಳಬೇಕು, ಒಂದು ಗುಟುಕಿಗೆ ಮೂಗಿನಲ್ಲಿ ಜುಮ್ಮೆನ್ನಬೇಕು, ಕಣ್ಣಲ್ಲಿ ನೀರು, ಹಿಂದೆಯೇ ಹೊಟ್ಟೆಯ ಆಳದಿಂದ ಒಂದು ತೇಗು. ಆ ತೇಗು ಬಂದ ಗಳಿಗೆಯಲ್ಲಿ ಕಾಗದ ಮುಂದಿಟ್ಟರೆ ಯಾರು ಬೇಕಾದರೂ ಸಹಿ ಹಾಕುತ್ತಿದ್ದರು.

ಆಕೆ ಸೋತದ್ದು ಸೋಡಾದಿಂದಲ್ಲ, ಬಾಟ್ಲಿಯಿಂದ. ಜನ ಸೋಡಾ ಕುಡಿದು ಬಾಟ್ಲಿ ಮನೆಗೆ ಒಯ್ಯುತ್ತಿದ್ದರು. ಒಬ್ಬರು ಅದರಲ್ಲಿ ಹರಳೆಣ್ಣೆ ತುಂಬಿಟ್ಟರು, ಇನ್ನೊಬ್ಬರು ಮನಿ ಪ್ಲಾಂಟ್ ಬೆಳೆಸಿದರು, ಮಕ್ಕಳು ಗೋಲಿಯ ಆಸೆಗೆ ಒಡೆದರು. ‘ನಾಳೆ ತಂದ್ಕೊಡ್ತೀವಿ ಚೆಲುವಕ್ಕ’ ಎಂದರೆ ಆಕೆ ‘ಅಯ್ಯೋ, ಇರ್ಲಿ ಬಿಡಿ’ ಎನ್ನುವಳು. ಆ ‘ಇರ್ಲಿ ಬಿಡಿ’ಯನ್ನು ಆಕೆ ಸೋಡಾಕ್ಕಿಂತ ಧಾರಾಳವಾಗಿ ಹಂಚಿದಳು. ಒಂದು ದಿನ ತುಂಬಲು ಬಾಟ್ಲಿಯೇ ಇಲ್ಲ. ಬಾಟ್ಲಿಯಿಲ್ಲದೆ ಸೋಡಾ ಇಲ್ಲ, ಸೋಡಾ ಇಲ್ಲದೆ ಕಂತಿಲ್ಲ. ಯಂತ್ರ ಹರಾಜಾಗಿ ಬೇರೆ ಊರಿಗೆ ಹೋಯಿತು.

ಕಂತು ತಪ್ಪಿದ ಆ ಸಂಜೆ ನಾನು ಎಂದಿನಂತೆ ಟಿಫಿನ್ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಬಂದೆ. ಬಾಗಿಲು ಸರ್ರನೆ ಇಳಿದು ನನ್ನ ಹೆಬ್ಬೆರಳಿನ ಮುಂದೆ ಇಲಿಯ ಬಿಲವಾಗಿ ನಿಂತಿತು. ಚಪ್ಪಲಿ ಹೊರಗೆ ಮೆಟ್ಟಿಲ ಮೇಲಿತ್ತು, ನಾನು ಒಳಗೆ. ಸಾಲ ಮಾಡಿದವರ ಬಾಗಿಲಾದರೂ ಅಂಗುಲ ಅಂಗುಲವಾಗಿ ಬೆಳೆದೀತು. ಜಾಮೀನು ನಿಂತವನಿಗೆ ಆ ಭಾಗ್ಯವೂ ಇಲ್ಲ. ಸಾಲಗಾರರು ಮತ್ತೆ ತಲೆಯೆತ್ತಿ ಬ್ಯಾಂಕಿನೊಳಗೆ ಬಂದ ದಿನವೇ ಅವನ ಬಾಗಿಲೂ ತೆರೆಯಬೇಕು. ಕಿಟಕಿಯ ಸರಳು ಕೀಳಬಹುದಿತ್ತಲ್ಲ ಎಂದು ಪರ ಊರಿನವರು ಕೇಳುತ್ತಾರೆ. ಕಿಟಕಿಯಿಂದ ಹಾರಿ ಬಂದ ಗಂಡನನ್ನು ನನ್ನ ಹೆಂಡತಿ ನಾಗವೇಣಿ ಮನೆಗೆ ಸೇರಿಸಿಕೊಳ್ಳುವವಳಲ್ಲ.

ಹೀಗೆ ಬ್ಯಾಂಕೇ ಮನೆಯಾಯಿತು. ನಾಗವೇಣಿ ಕಿಟಕಿಯಲ್ಲಿ ಊಟ ಕೊಡುವಳು, ಕಿಟಕಿಯಲ್ಲೇ ಜಗಳ ಆಡುವಳು. ಕ್ಷೌರದವನು ಸರಳಿನ ನಡುವೆ ಕತ್ತರಿ ತೂರಿಸಿ ಒಂದು ಪಕ್ಕ ಕತ್ತರಿಸಿ ‘ತಿರುಗಿ ಸಾರ್’ ಎನ್ನುವನು. ಮೇಡಂಗೆ ಮಾತ್ರ ಭಾರಿ ಖುಷಿ, ಯಾಕೆಂದರೆ ನಾನು ಒಂದು ದಿನವೂ ತಡವಾಗಿ ಬರಲಿಲ್ಲ. ನಾಗವೇಣಿ ನನ್ನ ಚಪ್ಪಲಿಯನ್ನು ರಾತ್ರಿ ಮನೆಗೆ ಒಯ್ದು ಬೆಳಿಗ್ಗೆ ತಂದು ಮೆಟ್ಟಿಲ ಮೇಲೆ ಅದೇ ಜಾಗದಲ್ಲಿ ಇಡುತ್ತಿದ್ದಳು.

ಚೆಲುವಾಜಮ್ಮ ಮಾತ್ರ ಬ್ಯಾಂಕಿನ ಬೀದಿಗೇ ಬರುವುದನ್ನು ಬಿಟ್ಟಿದ್ದಳು. ಒಂದು ದಿನ ನಾಗವೇಣಿಯೇ ಆಕೆಯ ಮನೆಗೆ ಹೋಗಿ ಒಂದು ಸೂಜಿ ಕೊಟ್ಟು, ‘ತಗೊಳ್ಳಮ್ಮಾ, ರವಿಕೆ ಹೊಲ್ಕೊಂಡು ನಾಳೆ ವಾಪಸ್ ಕೊಡು. ಮುಖ ಮುಚ್ಕೊಂಡು ಕೂತ್ರೆ ನನ್ನ ಗಂಡ ಹೊರಗೆ ಬರ್ತಾರಾ?’ ಎಂದಳಂತೆ. ಚೆಲುವಾಜಮ್ಮ ಮರುದಿನ ಸೂಜಿ ಹಿಂದಿರುಗಿಸಿದಳು. ಬರಿಗೈಯಲ್ಲಿ ಕೊಡಬಾರದೆಂದು ಸೂಜಿಯನ್ನು ಒಂದು ನಿಂಬೆಹಣ್ಣಿಗೆ ಚುಚ್ಚಿ ಕೊಟ್ಟಳು. ಆಮೇಲೆ ಹೆದರುತ್ತಾ ಬ್ಯಾಂಕಿನ ಮುಂದೆ ಬಂದು ನಿಂತಳು. ಇಲಿಯ ಬಿಲ ಇದ್ದದ್ದು ಬೆಕ್ಕು ತೂರುವಷ್ಟಾಗಿತ್ತು!

‘ಸಾರ್, ಬೆಳ್ದೈತೆ ಸಾರ್!’ ಎಂದು ಆಕೆ ನೆಲಕ್ಕೆ ಕೂತು ಆ ಕಂಡಿಯೊಳಗಿಂದ ಕೂಗಿದಳು. ಎರಡು ವರ್ಷದ ಮೇಲೆ ಆಕೆಯ ಮುಖ ನೋಡಿದೆ, ಅದೂ ಅರ್ಧ.

‘ಇನ್ನೂ ಇಸ್ಕೊಳ್ಳಿ, ಇನ್ನೂ ವಾಪಸ್ ಕೊಡಿ!’ ಎಂದು ನಾನೂ ನೆಲಕ್ಕೆ ಮಲಗಿ ಕೂಗಿದೆ.

ಅಲ್ಲಿಂದ ಶುರುವಾಯಿತು ನೋಡಿ. ಚೆಲುವಾಜಮ್ಮ ಕಂಡಕಂಡವರ ಹತ್ತಿರ ಕಂಡಕಂಡದ್ದನ್ನು ಇಸಿದುಕೊಂಡಳು. ಜರಡಿ, ಏಣಿ, ಕೊಡೆ, ಮಜ್ಜಿಗೆ ಕಡೆಯುವ ಕಡಗೋಲು, ಕೊನೆಗೆ ಒಂದು ಹುಂಜ. ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಆಕೆ ಜರಡಿಯಲ್ಲಿ ಮಂಡಕ್ಕಿ, ಕೊಡೆಯಲ್ಲಿ ಸೀಬೆಹಣ್ಣು ತುಂಬಿ ಕೊಟ್ಟಳು. ಏಣಿಯ ಪ್ರತಿ ಮೆಟ್ಟಿಲಿಗೂ ಒಂದೊಂದು ಬಾಳೆಹಣ್ಣು ಕಟ್ಟಿದಳು. ಹುಂಜದ ಜೊತೆ ಏನು ಕೊಡಬೇಕೆಂದು ತಿಳಿಯದೆ ನಾಕು ಮೊಟ್ಟೆ ಕೊಟ್ಟಳು. ಹುಂಜದ ಯಜಮಾನ ಎರಡು ದಿನ ಆ ಹುಂಜವನ್ನೇ ಅನುಮಾನದಿಂದ ನೋಡಿದ. ಬಾಗಿಲು ದಿನದಿನಕ್ಕೆ ಏರಿತು. ಸಂಜೆಯಾದರೆ ಬೀದಿಯ ಜನ ಕಡಲೆಕಾಯಿ ಹಿಡಿದುಕೊಂಡು ಬಂದು, ಇವತ್ತು ಚೆಲುವಕ್ಕನ ಬಾಗಿಲು ಎಲ್ಲಿಗೆ ಬಂತು ಎಂದು ನೋಡಿಕೊಂಡು ಹೋಗುವುದು ರೂಢಿಯಾಯಿತು.

ಹಾಗೆ ನೋಡುತ್ತಾ ನೋಡುತ್ತಾ ಜನಕ್ಕೆ ತಮ್ಮ ಬಾಗಿಲೂ ನೆನಪಾಯಿತು. ಊರಿನ ಬಹಳ ಮಂದಿಗೆ ಎರಡು ವರ್ಷದಿಂದ ಬ್ಯಾಂಕಿಗೆ ಬರುವಾಗ ಹಣೆಗೆ ಚೌಕಟ್ಟು ಬಡಿಯುತ್ತಿತ್ತು. ಕಟ್ಟಡ ಕುಸಿದಿದೆ ಎಂದು ಅವರೆಲ್ಲ ಮೇಡಂ ಮೇಲೆ ದೂರು ಹೇಳುತ್ತಿದ್ದರು. ಈಗ ಒಬ್ಬೊಬ್ಬರೇ ಹರಳೆಣ್ಣೆ ಚೆಲ್ಲಿ, ಮನಿ ಪ್ಲಾಂಟ್ ಕಿತ್ತು, ಸೋಡಾ ಬಾಟ್ಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚೆಲುವಾಜಮ್ಮನ ಜಗಲಿಗೆ ತಂದಿಟ್ಟರು. ಹಣೆಯ ಬುಗುಟುಗಳು ಮಾಯವಾದವು. ರಾಶಿ ಬಿದ್ದ ಬಾಟ್ಲಿ ನೆನೆಹಾಕಿ ತೊಳೆಯಲು ಆಕೆ ಹೂವಿನ ಚಿಕ್ಕಣ್ಣನ ತಾಮ್ರದ ಹಂಡೆ ಇಸಿದುಕೊಂಡಳು.

ನಡುವೆ ಒಂದು ಸಲ ಮಾತ್ರ ಎಡವಟ್ಟಾಯಿತು. ಚೆಲುವಾಜಮ್ಮ ಸೌಟು ವಾಪಸ್ ತಂದಾಗ ಪಕ್ಕದ ಬೀದಿಯ ಅಜ್ಜಿಯೊಬ್ಬರು ಅಂತಃಕರಣದಿಂದ ‘ಇರ್ಲಿ ಬಿಡೇ ಮಗಾ, ನೀನೇ ಇಟ್ಕೊ’ ಎಂದರು. ಅಷ್ಟಕ್ಕೇ ಬಾಗಿಲು ಒಂದು ಗೇಣು ಕೆಳಗೆ! ಬಿಟ್ಟುಕೊಟ್ಟದ್ದು ತೀರಿಸಿದ ಲೆಕ್ಕಕ್ಕೆ ಬರುವುದಿಲ್ಲವೆಂದು ಅವತ್ತು ಗೊತ್ತಾಯಿತು. ನಾಗವೇಣಿ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋದಳು. ‘ಯಾರಾದ್ರೂ ಚೆಲುವಾಜಮ್ಮಂಗೆ ಇರ್ಲಿ ಬಿಡಿ ಅಂದ್ರೆ ನಾನು ಸುಮ್ನಿರಲ್ಲ. ನಿಮ್ಮ ದಾನಧರ್ಮ ಎಲ್ಲಾ ನನ್ನ ಗಂಡ ಈಚೆ ಬಂದ ಮೇಲೆ ಇಟ್ಕೊಳ್ಳಿ’ ಎಂದು ಎಚ್ಚರಿಸಿ ಬಂದಳು. ಆದರೆ ಹೂವಿನ ಚಿಕ್ಕಣ್ಣ ಆ ಹೊತ್ತಿಗೆ ಮಲ್ಲಿಗೆ ತರಲು ತೋಟಕ್ಕೆ ಹೋಗಿದ್ದ.

ಚಿಕ್ಕಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಆತ ಒಂದು ಮೊಳ ಹೂವು ಕೇಳಿದವರಿಗೆ ಒಂದು ಮೊಳ ಅಳೆದು, ಇನ್ನೊಂದು ಮೊಳ ಕೊಸರು ಕೊಡುವ ಆಸಾಮಿ. ಜೋರಾಗಿ ಮಾತಾಡಿದ್ದನ್ನು ಊರು ಕೇಳಿಲ್ಲ. ಒಮ್ಮೆ ಹಸು ಬಂದು ಅಂಗಡಿಯ ಸೇವಂತಿಗೆಯನ್ನೆಲ್ಲ ಮೇಯುತ್ತಿದ್ದರೆ, ‘ಸ್ವಲ್ಪ ಆ ಕಡೆ ಹೋಗ್ತೀಯಾ ತಾಯಿ’ ಎಂದು ಕೇಳಿಕೊಳ್ಳುತ್ತಾ ನಿಂತಿದ್ದನಂತೆ.

ಆ ದಿನ ಬೆಳಿಗ್ಗೆ ಪರ ಊರಿನಿಂದ ಒಂದು ಟೆಂಪೊ ಬಂದು ಬ್ಯಾಂಕಿನ ಮುಂದೆ ನಿಂತಿತು. ಅದರಲ್ಲಿ ಇದ್ದದ್ದು ಚೆಲುವಾಜಮ್ಮನ ಹಳೆಯ ಸೋಡಾ ಯಂತ್ರವೇ! ಹರಾಜಿನಲ್ಲಿ ಕೊಂಡವನಿಗೆ ಅದರ ಮರ್ಜಿ ತಿಳಿಯದೆ, ಬಾಟ್ಲಿ ಒಡೆದು ಒಡೆದು ಬೇಸತ್ತು ಮಾರಲು ತಂದಿದ್ದ. ‘ಹೊತ್ತು ಮುಳುಗೋವರ್ಗೂ ಕಾಯ್ತೀನಿ. ಇಲ್ಲಾಂದ್ರೆ ಗುಜರಿಗೆ ಹಾಕ್ಬಿಟ್ಟು ಊರಿಗೆ ಹೋಗ್ತೀನಿ’ ಎಂದ. ಚೆಲುವಾಜಮ್ಮ ಯಂತ್ರದ ಚಕ್ರವನ್ನು ಸೆರಗಿನಿಂದ ಒರೆಸಿದಳು. ಅವತ್ತು ಆಕೆಯ ಬಾಗಿಲು ಹುಬ್ಬಿನವರೆಗೆ ಬಂದಿತ್ತು. ಬಾಕಿ ಇದ್ದದ್ದು ಒಂದೇ ಒಂದು ವಸ್ತು, ಆ ಹಂಡೆ. ಅದನ್ನು ಕೊಟ್ಟುಬಿಟ್ಟರೆ ಸಾಲ, ಯಂತ್ರ, ನನ್ನ ಬಿಡುಗಡೆ ಎಲ್ಲ ಒಟ್ಟಿಗೆ. ನಾನು ಬೆಳಿಗ್ಗೆಯಿಂದಲೇ ಲೆಕ್ಕದಲ್ಲಿ ಕೂಡಿದ್ದನ್ನೇ ಮತ್ತೆ ಮತ್ತೆ ಕೂಡುತ್ತಿದ್ದೆ.

ಮಧ್ಯಾಹ್ನ ಆಕೆ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ, ಅದರ ತುಂಬ ನಿಂಬೆಹಣ್ಣಿನ ಪಾನಕ ತುಂಬಿ, ತಲೆಯ ಮೇಲೆ ಹೊತ್ತು, ಬ್ಯಾಂಕಿನ ಎದುರಿಗಿರುವ ಚಿಕ್ಕಣ್ಣನ ಹೂವಿನಂಗಡಿಗೆ ಬಂದಳು. ಬೀದಿಯೆಲ್ಲ ಹಿಂದೆ ಬಂತು. ನಾನು ಕಿಟಕಿಗೆ ಮೂಗು ಒತ್ತಿಕೊಂಡು ನಿಂತೆ.

‘ಚಿಕ್ಕಣ್ಣ, ನಿನ್ನ ಹಂಡೆ ತಗೋ’ ಎಂದಳು.

ಚಿಕ್ಕಣ್ಣ ಕೈಯಲ್ಲಿದ್ದ ಹೂವಿನ ಎಸಳಿಗಿಂತ ಮೆತ್ತಗೆ ನಕ್ಕು, ‘ಅಯ್ಯೋ, ಇರ್ಲಿ ಬಿಡಕ್ಕಾ. ನಾಳೆಯಿಂದ ಬಾಟ್ಲಿ ತೊಳೆಯಕ್ಕೆ ನಿಂಗೇ ಬೇಕಲ್ಲ, ಇಟ್ಕೊ’ ಎಂದ.

ಬೀದಿಗೆ ಬೀದಿಯೇ ‘ಅಯ್ಯಯ್ಯೋ!’ ಎಂದಿತು. ಚೆಲುವಾಜಮ್ಮ ಹಂಡೆ ಕೆಳಗಿಟ್ಟು ಓಡಿಬಂದು ಬ್ಯಾಂಕಿನ ಮುಂದೆ ನಿಂತಳು. ಬಾಗಿಲು ಹುಬ್ಬಿನಿಂದ ಧಡಾರನೆ ಸೊಂಟಕ್ಕೆ ಬಿತ್ತು. ನಾನು ಹೋಗಿ ಮೇಡಂ ಅವರ ಕುರ್ಚಿಯಲ್ಲೇ ಕೂತುಬಿಟ್ಟೆ.

ನಾಗವೇಣಿ ವಿಷಯ ಬಿಡಿಸಿ ಹೇಳಿದಳು. ಚಿಕ್ಕಣ್ಣನ ಮುಖ ಬಿಳುಚಿಕೊಂಡಿತು. ‘ಹಂಗಾದ್ರೆ ಕೊಡಿ, ತಗೋತೀನಿ’ ಎಂದು ಹಂಡೆಗೆ ಕೈ ಹಾಕಿದ. ಬಾಗಿಲು ಕದಲಲಿಲ್ಲ. ಮೇಡಂ ಕಿಟಕಿಯಿಂದ ಇಣುಕಿ, ‘ಒಂದ್ಸಲ ಬಿಟ್ಟುಕೊಟ್ಟಾಯ್ತಲ್ಲಪ್ಪ. ಇನ್ನು ನೀನೇ ಬಾಯಿಬಿಟ್ಟು ವಾಪಸ್ ಕೇಳ್ಬೇಕು. ಅದೂ ಮನಸ್ಸಿನಿಂದ ಕೇಳ್ಬೇಕು’ ಎಂದು ತೀರ್ಪು ಕೊಟ್ಟರು.

ಚಿಕ್ಕಣ್ಣ ಗಂಟಲು ಸರಿಮಾಡಿಕೊಂಡ. ‘ಅಕ್ಕಾ... ನಿಮಗೆ ತೊಂದರೆ ಇಲ್ದೇ ಇದ್ರೆ... ಹಂಡೆ...’

‘ಅದಲ್ಲಪ್ಪಾ, ಗದರಿಸು!’ ಎಂದಿತು ಬೀದಿ. ಹುಂಜದ ಯಜಮಾನ ಸೊಂಟಕ್ಕೆ ಕೈಯಿಟ್ಟು ಹೇಗೆ ಗದರಬೇಕೆಂದು ತೋರಿಸಿದ. ಸೌಟಿನ ಅಜ್ಜಿ ತನ್ನ ಸೊಸೆಗೆ ಬೈಯುವ ಮಾತನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟರು, ಸೊಸೆ ಪಕ್ಕದಲ್ಲೇ ನಿಂತು ಮರೆತದ್ದನ್ನು ಜ್ಞಾಪಿಸಿದಳು. ನಾನು ಕಿಟಕಿಯಿಂದ ‘ಕಣ್ಣು ದೊಡ್ಡದು ಮಾಡು ಚಿಕ್ಕಣ್ಣ!’ ಎಂದು ಕಿರುಚಿದೆ. ಆತ ಕಣ್ಣು ದೊಡ್ಡದು ಮಾಡಿದ, ಅದರಲ್ಲಿ ನೀರು ತುಂಬಿತ್ತು. ‘ನನ್ ಕೈಲಿ ಆಗಲ್ಲ ಸಾರ್’ ಎಂದವನೇ ಹೂವಿನ ಬುಟ್ಟಿ ಬಿಟ್ಟು ಓಟ ಕಿತ್ತ.

ಚೆಲುವಾಜಮ್ಮ ಪಾನಕದ ಹಂಡೆ ತಲೆಗೇರಿಸಿ ಅವನ ಹಿಂದೆ ಓಡಿದಳು. ಅವಳ ಹಿಂದೆ ನಾಗವೇಣಿ, ನಾಗವೇಣಿಯ ಹಿಂದೆ ಊರು. ಪಾನಕ ತುಳುಕಿ ತುಳುಕಿ ಬೀದಿಯೆಲ್ಲ ಏಲಕ್ಕಿಯ ವಾಸನೆ. ಅವರು ಊರಿನ ಒಂದು ತುದಿಯಿಂದ ಮರೆಯಾಗಿ ಇನ್ನೊಂದು ತುದಿಯಿಂದ ಬಂದರು. ಪ್ರತಿ ಸಲ ಬ್ಯಾಂಕಿನ ಮುಂದೆ ಹಾಯುವಾಗ ಹಿಂದಿನ ಜನ ಹೆಚ್ಚಾಗಿರುತ್ತಿದ್ದರು, ಯಾಕೆ ಓಡುತ್ತಿದ್ದೇವೆಂದು ಗೊತ್ತಿಲ್ಲದವರೂ ನಗುತ್ತಾ ಓಡುತ್ತಿದ್ದರು. ಟೆಂಪೊದವನೂ ಒಂದು ಸುತ್ತು ಓಡಿದ. ನಾನು ಒಳಗೇ ಕೌಂಟರಿನ ಸುತ್ತ ಓಡಿದೆ, ತಡೆಯಲಾಗಲಿಲ್ಲ. ಕೊನೆಗೆ ಚಿಕ್ಕಣ್ಣ ತನ್ನ ಅಂಗಡಿಯ ಮುಂದೆಯೇ ಉಸಿರು ಕಟ್ಟಿ ಕುಸಿದ. ಹೊತ್ತು ಇಳಿದಿತ್ತು. ಟೆಂಪೊದವನು ಹಗ್ಗ ಬಿಗಿಯಲು ಶುರುಮಾಡಿದ.

ಚೆಲುವಾಜಮ್ಮ ಹಂಡೆಯನ್ನು ನೆಲಕ್ಕಿಟ್ಟು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಿಟಕಿಯಲ್ಲಿದ್ದ ನನ್ನನ್ನು ನೋಡಿದಳು. ಹಣೆಯ ಬೆವರು ಒರೆಸಿಕೊಂಡು ತಣ್ಣಗೆ ಹೇಳಿದಳು:

‘ಸರಿ ಬಿಡು. ಹಂಡೆ ಇನ್ಮೇಲೆ ನಂದೇ ತಾನೇ? ನಾಳೆಯಿಂದ ಇದನ್ನ ನಿನ್ನ ಅಂಗಡಿ ಪಕ್ಕದಲ್ಲೇ ಇಟ್ಟು, ಇದರ ತುಂಬ ಪ್ಲಾಸ್ಟಿಕ್ ಹೂವು ಇಟ್ಕೊಂಡು ಮಾರ್ತೀನಿ.’

ಚಿಕ್ಕಣ್ಣ ನಿಧಾನವಾಗಿ ಎದ್ದ. ಅವನ ಕಿವಿ ಕೆಂಪಾದವು, ಆಮೇಲೆ ಕತ್ತು.

‘ಏನಂದೆ?’

‘ಪ್ಲಾಸ್ಟಿಕ್ ಹೂವು. ನೀಲಿ ಗುಲಾಬಿ. ಮೇಲೆ ಒಂಚೂರು ಸೆಂಟು ಹೊಡೀತೀನಿ.’

‘ನಮ್ಮಪ್ಪನ ಹಂಡೆ ಅದು!’ ಎಂದು ಚಿಕ್ಕಣ್ಣ ಅಬ್ಬರಿಸಿದ. ಅಂಗಡಿಯ ತಗಡು ಅದುರಿತು. ‘ನಮ್ಮಪ್ಪ ಮಲ್ಲಿಗೆ ಮೊಗ್ಗು ಹಾಕಿಡ್ತಿದ್ದ ಹಂಡೆ! ಅದಕ್ಕೆ ಪ್ಲಾಸ್ಟಿಕ್ಕಾ? ಕೊಡೇ ನನ್ನ ಹಂಡೆ! ಈಗಿಂದೀಗ್ಲೇ ಕೊಡು!’

‘ತಗೊಳೋ!’ ಎಂದು ಚೆಲುವಾಜಮ್ಮ ಅದಕ್ಕಿಂತ ಜೋರಾಗಿ ಕೂಗಿ, ಅಳಿದುಳಿದ ಪಾನಕದ ಸಮೇತ ಹಂಡೆಯನ್ನು ಅವನ ತೋಳಿಗೆ ಹಾಕಿದಳು. ಹಾಕಿದವಳೇ ತಿರುಗಿ ಬ್ಯಾಂಕಿನ ಕಡೆ ನಡೆದು ಬಂದಳು. ಹೊಸ್ತಿಲ ಮುಂದೆ ನಿಂತಳು. ಬಾಗಿಲು ಸೊಂಟದಿಂದ ಎದೆಗೆ, ಎದೆಯಿಂದ ಹುಬ್ಬಿಗೆ, ಹುಬ್ಬು ದಾಟಿ ಮೇಲೆ ಹೋಗಿ ನಿಂತಿತು. ತಲೆಯಲ್ಲಿ ಮುಡಿದ ಹೂವಿಗೂ ಚೌಕಟ್ಟು ತಾಗದ ಹಾಗೆ ಆಕೆ ಒಳಗೆ ಬಂದಳು. ಹೊರಗೆ ಶಿಳ್ಳೆ, ಚಪ್ಪಾಳೆ. ಒಳಗೆ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮೇಡಂ ಸಾಲದ ಕಾಗದ ಬಿಚ್ಚಿದರು. ಚೆಲುವಾಜಮ್ಮ ಸಹಿ ಮಾಡಿದಳು. ‘ಮಂಜೂರು’ ಎಂದು ಮೇಡಂ ಮುದ್ರೆ ಎತ್ತಿದವರು ಅದನ್ನು ಗಾಳಿಯಲ್ಲೇ ಹಿಡಿದು ಕೇಳಿದರು, ‘ಜಾಮೀನು ಯಾರು?’

ಚಪ್ಪಾಳೆ ನಿಂತಿತು. ಹುಂಜದ ಯಜಮಾನ ಹುಂಜದ ಕಡೆ ನೋಡಿದ. ಬಾಗಿಲಲ್ಲಿ ಇಣುಕುತ್ತಿದ್ದ ತಲೆಗಳು ಒಂದೊಂದಾಗಿ ಹಿಂದೆ ಸರಿದವು. ಅವರನ್ನು ಬೈಯುವ ಹಾಗಿಲ್ಲ. ಜಾಮೀನು ಹಾಕಿದವನ ಪಾಡು ಏನಾಗುತ್ತದೆಂದು ಎರಡು ವರ್ಷದಿಂದ ಕಿಟಕಿಯಲ್ಲಿ ನೋಡುತ್ತಾ ಬಂದವರು ಅವರು. ಚೆಲುವಾಜಮ್ಮ ನನ್ನ ಕಡೆ ತಿರುಗಲೇ ಇಲ್ಲ. ನೆಲ ನೋಡುತ್ತಾ, ‘ಸಾರ್‌ನ ಕೇಳಬ್ಯಾಡಿ ಮೇಡಂ. ಅವರು ಮನೆಗೆ ಹೋಗ್ಲಿ’ ಎಂದಳು. ಹೊರಗೆ ಟೆಂಪೊ ಸದ್ದು ಮಾಡಿತು.

ನಾನು ಬಾಗಿಲ ಹತ್ತಿರ ಹೋದೆ. ಅದು ನನ್ನ ತಲೆಗಿಂತ ಒಂದು ಮೊಳ ಮೇಲೆ ನಿಂತಿತು. ಎದುರಿಗೆ ಮೆಟ್ಟಿಲ ಮೇಲೆ ನನ್ನ ಚಪ್ಪಲಿ, ಅದರ ಪಕ್ಕ ನಾಗವೇಣಿ. ಓಡಿ ಓಡಿ ಅವಳ ತುರುಬು ಬಿಚ್ಚಿತ್ತು. ಒಂದು ಹೆಜ್ಜೆ ಇಟ್ಟರೆ ಮನೆ. ಆದರೆ ಬಾಯಿಯಲ್ಲಿ ಎರಡು ವರ್ಷದ ಹಿಂದಿನ ಆ ಸೋಡಾದ ಜುಮ್ಮು. ನಾನು ಏನು ಯೋಚಿಸುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಅವಳು ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತ ಚೆಲುವಾಜಮ್ಮನನ್ನು ನೋಡಿದಳು, ದೊಡ್ಡದಾಗಿ ಉಸಿರು ಬಿಟ್ಟಳು.

‘ಹಾಕಿ ರೀ’ ಎಂದಳು. ‘ಆದ್ರೆ ಈ ಸಲ ಹೊರಗೆ ನಿಂತ್ಕೊಂಡು ಹಾಕಿ.’

ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಎಣ್ಣೆ ಹಚ್ಚಿ ಮೆತ್ತಗಿಟ್ಟಿದ್ದಳು. ಮೇಡಂ ಕಾಗದವನ್ನು ಕಿಟಕಿಯಿಂದ ಕೊಟ್ಟರು, ಚಿಕ್ಕಣ್ಣ ಹಂಡೆ ಬೋರಲು ಹಾಕಿ ಮೇಜು ಮಾಡಿದ, ನಾಗವೇಣಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. ಬೀದಿಯ ನಡುವೆ ನಿಂತು ಸಹಿ ಹಾಕಿದೆ. ಚೆಲುವಾಜಮ್ಮ ನಾಗವೇಣಿಯನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಜಾಮೀನು ನಿಂತವನು ಸಹಿ ಹಾಕಿದ ಕಡೆಯೇ ಉಳಿಯಬೇಕು. ಕಂತು ತಪ್ಪಿದರೆ ಇನ್ನು ನನಗೆ ಬ್ಯಾಂಕಿನೊಳಗೆ ಹೋಗಲಾಗುವುದಿಲ್ಲ, ಮನೆಯಲ್ಲೇ ಇರಬೇಕಾಗುತ್ತದೆ. ಅದಕ್ಕೆ ಮೇಡಂ ಹೆದರಬೇಕು, ನಾನಲ್ಲ.

ಯಂತ್ರ ಟೆಂಪೊದಿಂದ ಇಳಿಯಿತು. ಮಾರನೆಯ ಬೆಳಿಗ್ಗೆ ಬೀದಿಯ ಆ ತುದಿಯವರೆಗೆ ಮೊದಲ ‘ಟಪ್’ ಕೇಳಿತು. ಮೊದಲ ಬಾಟ್ಲಿ ನನ್ನ ಕೈಗೆ ಬಂತು. ಎತ್ತಿ ಕುಡಿದೆ. ಮೂಗಿನಲ್ಲಿ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು, ಹೊಟ್ಟೆಯ ಆಳದಿಂದ ಎರಡು ವರ್ಷದ ತೇಗು ಬಂತು. ಬ್ಯಾಂಕಿಗೆ ಹೊತ್ತಾಗಿತ್ತು. ಖಾಲಿ ಬಾಟ್ಲಿ ಹಿಡಿದು ಅವಸರ ಪಡುತ್ತಿದ್ದ ನನ್ನನ್ನು ನೋಡಿ ಚೆಲುವಾಜಮ್ಮ ಹಳೆಯ ಅಭ್ಯಾಸದಂತೆ ನಕ್ಕು, ‘ಇರ್ಲಿ ಬಿ...’ ಎಂದಳು.

ಇಡೀ ಬೀದಿ ಕೈಯಲ್ಲಿದ್ದುದನ್ನು ಬಿಟ್ಟು ನಮ್ಮ ಕಡೆ ತಿರುಗಿತು. ನಾಗವೇಣಿ ಸೆರಗು ಸಿಕ್ಕಿಸಿದಳು. ಚೆಲುವಾಜಮ್ಮ ಗಬಕ್ಕನೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಮುಖ ಗಂಟಿಕ್ಕಿ, ಸೊಂಟಕ್ಕೆ ಒಂದು ಕೈಯಿಟ್ಟು, ಇನ್ನೊಂದು ಕೈ ನನ್ನ ಮುಂದೆ ಚಾಚಿ, ಚಿಕ್ಕಣ್ಣನ ಗಂಟಲಿನಲ್ಲಿ ಅಬ್ಬರಿಸಿದಳು:

‘ಕೊಡ್ರೀ ನನ್ನ ಬಾಟ್ಲಿ!’